ಫಿಯಟ್‌ಗೆ ಸ್ವಲ್ಪ 'ಲುಕ್' ಕೊಡಬಾರದಾ ಅಂತ ಕೇಳುವವರಿಗೆ

ನನ್ನ ಹತ್ತಿರ 1969ರ ಫಿಯಟ್ 1100 ಡಿಲೈಟ್ ಉಂಟು. ಅಪ್ಪ ಕೊಂಡದ್ದು. ಮೈಸೂರು ರಾಜ್ಯದ ಕಾಲದ ಎಂವೈ ನಂಬರ್ ಈಗಲೂ ಹಾಗೇ ಇದೆ. ಸುರತ್ಕಲ್‌ನಿಂದ ಅದನ್ನು ಎಲ್ಲಿಗೆ ತೆಗೆದುಕೊಂಡು ಹೋದರೂ ಯಾರಾದರೂ ಒಬ್ಬರು ಬಂದು ಕೇಳಿಯೇ ಕೇಳುತ್ತಾರೆ. "ಬಾಡಿ ಮಾಡಿಫೈ ಮಾಡ್ಸಲ್ವಾ? ಹೀಗೇ ಒರಿಜಿನಲ್ ಇಡ್ತೀರಾ?" ಪೆಟ್ರೋಲ್ ಬಂಕಿನಲ್ಲಿ ಕೇಳಿದ್ದಾರೆ. ಬೊಜ್ಜದ (ಸತ್ತವರ ಉತ್ತರಕ್ರಿಯೆಯ) ಊಟಕ್ಕೆ ಕೂತಾಗಲೂ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಯಿತು. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಇಲ್ಲ, ಮಾಡಿಸಲ್ಲ. ಬೋಲ್ಟ್ ಬಿಚ್ಚಿದರೆ ಮೊದಲಿನ ಹಾಗೆ ಆಗುವ ಕೆಲಸಕ್ಕೆ ನನ್ನ ತಕರಾರಿಲ್ಲ. ಹೆಡ್‌ಲೈಟಿಗೆ ರಿಲೇ ಹಾಕಿಸಿದ್ದೇನೆ, ಟಯರ್ ರೇಡಿಯಲ್. ಆದರೆ ಕತ್ತರಿಸಿದರೆ ವಾಪಸ್ ಬಾರದ್ದನ್ನು ಕತ್ತರಿಸಲ್ಲ. ಇಷ್ಟೇ ಉತ್ತರ. ಅವಸರ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ಇಷ್ಟು ಖಾರವಾಗಿ ಯಾಕೆ ಹೇಳುತ್ತೇನೆ ಅಂದರೆ, ಪ್ರಶ್ನೆ ಕೇಳುವ ರೀತಿಗೆ. ಉಡುಪಿಯಲ್ಲಿ ಒಂದು ಮದುವೆ. ಮದುಮಗಳನ್ನು ಹಾಲ್‌ಗೆ ಕರೆತರಲು ನನ್ನ ಕಾರೇ ಬೇಕು ಅಂತ ಅವರ ಮನೆಯವರಿಗೆ ಆಸೆ. ಬೆಳಿಗ್ಗೆ ಬೇಗ ಎದ್ದು ತೊಳೆದು, ಬಂಪರಿಗೆ ಸೇವಂತಿಗೆ ಮಾಲೆ ಕಟ್ಟಿ, ಹೆದ್ದಾರಿಯಲ್ಲಿ ನಿಧಾನಕ್ಕೆ ಹೋಗಿದ್ದೆ. ಊಟ ಮುಗಿಸಿ ಹೊರಗೆ ಬಂದರೆ ಕಾರಿನ ಸುತ್ತ ಮೂರ್ನಾಲ್ಕು ಹುಡುಗರು. ಒಬ್ಬ ಹಿಂದಿನ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ, ಬೆರಳಿನ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿಯುತ್ತಿದ್ದ.

"ಅಂಕಲ್, ಇಷ್ಟು ಖರ್ಚು ಮಾಡಿದ್ದೀರಿ. ಸ್ವಲ್ಪ ಕೆಳಗೆ ಇಳಿಸಿ, ಫೆಂಡರ್ ಕಟ್ ಮಾಡಿ ಅಗಲ ಮಾಡಿ, ದೊಡ್ಡ ಅಲಾಯ್ ಚಕ್ರ ಹಾಕಿದ್ರೆ ಎಂತ ಲುಕ್ ಬರ್ತಿತ್ತು ಗೊತ್ತುಂಟಾ?"

ಪಕ್ಕದವನು ಸೇರಿಸಿದ. "ಟಾಪ್ ಕಟ್ ಮಾಡಿ ಓಪನ್ ಮಾಡಿದ್ರೆ ಇನ್ನೂ ಸೂಪರ್ ಮಾರಾಯ."

ನನಗೆ ಸಿಟ್ಟು ಬಂತು. ಒಂದು ಚೂರು ಜಾಸ್ತಿಯೇ ಬಂತು. ಮದುಮಗಳ ಅಪ್ಪ ಎಂತ ಗಲಾಟೆ ಅಂತ ಬಾಗಿಲಿಗೆ ಬಂದು ನೋಡಿದರು. ಲುಕ್ ಇಲ್ಲ ಅಂತ ಹೇಳಿದ್ದು ಯಾರು? ಮುಂಬಾಗಿಲಿನ ಆ ತ್ರಿಕೋನದ ಗಾಜು ನೋಡಿ. ಹಿಂದಿನ ಲೈಟಿನ ಹತ್ತಿರ ಸಣ್ಣ ರೆಕ್ಕೆಯ ಹಾಗೆ ಎದ್ದ ಅಂಚು ನೋಡಿ. ಅದಕ್ಕೆ ತಕ್ಕ ಹಾಗೆ 14 ಇಂಚಿನ ಚಕ್ರ. ಒಂದನ್ನು ದೊಡ್ಡದು ಮಾಡಿದರೆ ಇನ್ನೊಂದು ಸಣ್ಣದು ಕಾಣುತ್ತದೆ. ಅದನ್ನು ಸರಿ ಮಾಡಲು ಇನ್ನೊಂದನ್ನು ಕತ್ತರಿಸಬೇಕು. ಅದಕ್ಕೆ ಕೊನೆ ಇಲ್ಲ.

ಟಾಪ್ ಕಟ್ ಮಾಡುವ ವಿಷಯ ಇನ್ನೂ ಗಂಭೀರ. ಹಳೆ ಜೀಪಿಗೆ, ಲಾರಿಗೆ ಅಡಿಯಲ್ಲಿ ಬೇರೆ ಚಾಸಿಸ್, ಅಂದರೆ ಭಾರ ಹೊರುವ ಕಬ್ಬಿಣದ ಚೌಕಟ್ಟು, ಇರುತ್ತದೆ. ಬಾಡಿ ಅದರ ಮೇಲೆ ಕೂತಿರುತ್ತದೆ ಅಷ್ಟೆ. ಫಿಯಟ್ ಹಾಗಲ್ಲ. ಇದರಲ್ಲಿ ಬಾಡಿಯೇ ಚಾಸಿಸ್. ನೆಲದ ತಗಡು, ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಸಿಲ್, ಕಂಬಗಳು, ಮೇಲಿನ ಟಾಪ್, ಎಲ್ಲ ಸೇರಿ ಒಂದು ಪೆಟ್ಟಿಗೆ. ಮೇಲ್ಗಡೆ ಕತ್ತರಿಸಿ ತೆಗೆದರೆ ನಡು ಕುಸಿಯುತ್ತದೆ. ಮೊದಲು ಬಾಗಿಲು ಸರಿಯಾಗಿ ಕೂರುವುದಿಲ್ಲ, ಆಮೇಲೆ ಹಾಕಿಕೊಳ್ಳುವುದೇ ಇಲ್ಲ. ಅಪಘಾತ ಆದರೆ ಏನು ಅಂತ ನಾನು ಹೇಳಬೇಕಾಗಿಲ್ಲ.

ಕಾನೂನೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂತು. 50 ವರ್ಷ ದಾಟಿರಬೇಕು, ಚಾಸಿಸ್ಸು, ಬಾಡಿ, ಎಂಜಿನ್ನು ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ನೋಂದಣಿ ಮಾಡಿಸಿದರೆ ಶುಲ್ಕ 20,000 ರೂಪಾಯಿ. ಫೆಂಡರ್ ಕತ್ತರಿಸಿದ ದಿನ ಆ ಬಾಗಿಲು ಮುಚ್ಚಿತು ಅಂತ ತಿಳಿಯಿರಿ.

ಇದರ ಎದುರು ತುದಿಯಲ್ಲಿ ಇನ್ನೊಂದು ಪಂಗಡ ಉಂಟು. ಇವರು ಕಿಸೆಯಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಬರುತ್ತಾರೆ. "ಕಂಪ್ಲೀಟ್ ಒರಿಜಿನಲ್ಲಾ ಸಾರ್?" ಅಂತ ಕೇಳುತ್ತಲೇ ಬಾಗಿಲಿಗೆ, ಫೆಂಡರಿಗೆ ಒತ್ತಿ ನೋಡುತ್ತಾರೆ. ತಗ್ಗು ತುಂಬುವ ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಬಂದು ನೋಡಿ, ಅಡ್ಡಿಯಿಲ್ಲ. ನನ್ನ ಕಾರಿನಲ್ಲಿ ಅಂಥ ಜಾಗ ಎರಡು ಉಂಟು. ಎಲ್ಲಿ ಅಂತ ನಾನೇ ಕೈ ಹಿಡಿದು ತೋರಿಸುತ್ತೇನೆ.

ಎಡಗಡೆ ಮುಂದಿನ ಫೆಂಡರ್ ಮೇಲೆ ಒಂದು ತೂತು ಕೂಡ ಉಂಟು. ಅಪ್ಪ ರೇಡಿಯೋ ಏರಿಯಲ್ ಹಾಕಲು ಕೊರೆಸಿದ್ದು. ಏರಿಯಲ್ ಮುರಿದು ಯಾವುದೋ ಕಾಲ ಆಯಿತು. ಪೇಂಟ್ ಮಾಡಿಸುವಾಗ ಮುಚ್ಚಿಸಿ, ಈ ಕಾರು ತಯಾರಾದ ಮುಂಬೈಯ ಕುರ್ಲಾದ ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡಿ ಅಂತ ಇವರೆಲ್ಲ ಹೇಳಿದರು. ನಾನು ಮುಚ್ಚಿಸಲಿಲ್ಲ. ರಬ್ಬರ್ ಬಿರಡೆ ಹಾಕಿ ಇಟ್ಟಿದ್ದೇನೆ. ಅಪ್ಪ ಆ ಕಾರಿನಲ್ಲಿ ಕೂತು ವಾರ್ತೆ ಕೇಳುತ್ತಿದ್ದರು. ವಾರ್ತೆ ಮುಗಿಯುವ ತನಕ ಮನೆ ಅಂಗಳದಲ್ಲೇ ಕಾರು ನಿಲ್ಲಿಸಿ ಕೂತಿರುತ್ತಿದ್ದರು. ಆ ತೂತು ನನ್ನ ಮಟ್ಟಿಗೆ ಒರಿಜಿನಲ್ಲೇ.

ಮಾಡಿಫೈ ಅನ್ನುವವರೂ ಒರಿಜಿನಲ್ ಅನ್ನುವವರೂ ಹೊರಗಿನ ಆಕಾರವನ್ನೇ ನೋಡುತ್ತಾರೆ. ನಮ್ಮ ಕರಾವಳಿಯಲ್ಲಿ ಹಳೆ ಕಾರಿಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಉಂಟು. ಒಳಗೆ ಹೋದ ನೀರು ಎಲ್ಲಿಂದ ಇಳಿದು ಹೋಗುತ್ತದೆ? ಇದನ್ನು ನನ್ನ ಹತ್ತಿರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ನಾನು ಅದನ್ನು ಕಲಿತದ್ದು ಕಷ್ಟದಲ್ಲಿ. ಅಪ್ಪ ಹೋದ ಮೇಲೆ ಒಂದು ವರ್ಕ್‌ಶಾಪಿನಲ್ಲಿ ಕಾರಿನ ಅಡಿಗೆ ಬಾಡಿ ಕೋಟಿಂಗ್ ಹೊಡೆಸಿದ್ದೆ. ಕಪ್ಪಗೆ, ದಪ್ಪಗೆ, ನೋಡಲು ಚಂದ. ಸಮುದ್ರದ ಗಾಳಿಗೆ ಇನ್ನು ಭಯ ಇಲ್ಲ ಅಂತ ನಂಬಿದ್ದೆ. ಮೂರು ಮಳೆಗಾಲ ಕಳೆಯಿತು. ಒಂದು ದಿನ ಬಾಗಿಲು ಹಾಕುವಾಗ ಕೆಳಗೆ ಗರಗರ ಅಂತ ಏನೋ ಉದುರಿದ ಶಬ್ದ.

ಮಂಗಳೂರಿನ ಕಂಕನಾಡಿಯ ಕಡೆ ಹಳೆ ಟಿಂಕರ್, ಅಂದರೆ ಕಾರಿನ ತಗಡಿನ ಕೆಲಸದವರು, ಒಬ್ಬರಿದ್ದಾರೆ. ಅವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಮಂಡಿಯೂರಿ ಕೂತು ಸಣ್ಣ ಸುತ್ತಿಗೆಯಿಂದ ಎಡಗಡೆ ಸಿಲ್ಲಿನ ಉದ್ದಕ್ಕೂ ಬಡಿಯುತ್ತಾ ಬಂದರು. ಟಣ್, ಟಣ್, ಟಣ್. ಹಿಂಬಾಗಿಲಿನ ಹತ್ತಿರ ಬರುವಾಗ ದಪ್. ಸುತ್ತಿಗೆ ಕೆಳಗಿಟ್ಟು ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆ ಎಳೆದಾಗ ಅದರ ಹಿಂದೆಯೇ ನೀರು ಬಂತು. ಅದೂ ಜನವರಿಯಲ್ಲಿ! ಕಂದು ಬಣ್ಣದ ನೀರು, ಅದರ ಜೊತೆ ಹಪ್ಪಳದ ಚೂರಿನ ಹಾಗೆ ತುಕ್ಕು. ಅಂಗೈಯಲ್ಲಿ ಹಿಡಿದು ನೋಡಿದೆ. ಬೆರಳು ಮುಟ್ಟಿದರೆ ಪುಡಿ.

"ಇಲ್ಲಿ ತಗಡೇ ಇಲ್ಲ ಮಾರಾಯ್ರೆ," ಅಂದರು. "ಪೇಂಟ್ ಮಾತ್ರ ನಿಂತುಕೊಂಡಿದೆ."

ಆಮೇಲೆ ತೋರಿಸಿದರು. ಸಿಲ್ಲಿನ ತಳದಲ್ಲಿ, ಬಾಗಿಲುಗಳ ಅಡಿ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಅಲ್ಲಿಂದಲೇ ಹೊರಗೆ ಹೋಗಬೇಕು. ಕೋಟಿಂಗ್ ಹೊಡೆದವರು ಅದರ ಮೇಲೆಯೇ ಬಳಿದಿದ್ದರು. ಒಂದೂ ಬಿಡದೆ. ಒಳಗೆ ಹೋದ ನೀರು ಒಳಗೇ ಉಳಿಯಿತು. ಉಪ್ಪಿನ ಗಾಳಿ ಮೊದಲೇ ಉಂಟು. ಹೊರಗಿಂದ ಕಾಪಾಡಲು ಹೋಗಿ ಒಳಗಿಂದ ಕೊಳೆಸಿದ ಹಾಗಾಯಿತು.

ಸಿಲ್ ತೆಗೆಯುವ ಮೊದಲು ಅವರು ಬಾಗಿಲಿನ ಜಾಗಕ್ಕೆ ಕಬ್ಬಿಣದ ಆಂಗಲ್ ಅಡ್ಡ ಕೊಟ್ಟು ಬಿಗಿದರು, ನಡು ಕುಸಿಯದಿರಲಿ ಅಂತ. ಒಮ್ಮೆಗೆ ಒಂದೇ ಬದಿ. ಎಷ್ಟು ಕೊಳೆತಿದೆಯೋ ಅಷ್ಟೇ ಕತ್ತರಿಸಿದರು, ಗಟ್ಟಿ ತಗಡು ಸಿಕ್ಕಿದಲ್ಲಿ ನಿಲ್ಲಿಸಿದರು. ಹೊಸ ತಗಡನ್ನು ಮರದ ದಿಮ್ಮಿಯ ಮೇಲಿಟ್ಟು ಬಡಿದು ಹಳೆಯದರ ಬಾಗು ತಂದರು. ವೆಲ್ಡಿಂಗ್ ಒಂದು ಚುಕ್ಕೆ ಇಲ್ಲಿ, ಆರಲು ಬಿಟ್ಟು ಇನ್ನೊಂದು ಚುಕ್ಕೆ ಅಲ್ಲಿ. ಒಂದೇ ಸಮನೆ ಎಳೆದರೆ ಬಿಸಿಗೆ ತಗಡು ಸೊಟ್ಟ ಆಗುತ್ತದೆ. ಹನ್ನೊಂದು ದಿನ ಬರೀ ಎಡಗಡೆಗೆ ಹೋಯಿತು. ಕೊನೆಗೆ ತಳದ ತೂತುಗಳನ್ನು ಮೊದಲಿದ್ದ ಜಾಗದಲ್ಲೇ ಕೊರೆದು, ಒಳಗೆ ಒಂದು ಚೊಂಬು ನೀರು ಹೊಯ್ದರು. ಕೆಳಗೆ ಸಣ್ಣ ಧಾರೆ ಇಳಿಯಿತು. ಅದು ಪೂರ್ತಿ ನಿಲ್ಲುವ ತನಕ ಇಬ್ಬರೂ ಕೂತು ನೋಡಿದೆವು.

ಹೊಸ ತಗಡು ಹಾಕಿದ ಮೇಲೆ ಅದು ಒರಿಜಿನಲ್ ಹೇಗೆ ಅಂತ ಅಯಸ್ಕಾಂತದವರು ಕೇಳುತ್ತಾರೆ. ತಗಡು ಹೊಸದು, ಆಕಾರ ಹಳೆಯದು, ಮಾಡುವ ಕೆಲಸ ಹಳೆಯದು. ಅಷ್ಟು ನನಗೆ ಸಾಕು. ಇದೇ ಫಿಯಟ್‌ಗೆ ಆಮೇಲೆ ಪದ್ಮಿನಿ ಅಂತ ಹೆಸರಾಯಿತು, ಆ ಪದ್ಮಿನಿ ತಯಾರಾಗುವುದು ನಿಂತೇ ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಊರಿನ ಎಷ್ಟೋ ಮಂದಿ ಮುಂಬೈಗೆ ಇಳಿದ ದಿನ ಹತ್ತಿದ್ದು ಅದೇ ಪದ್ಮಿನಿಯ ಕಪ್ಪು ಹಳದಿ ಟ್ಯಾಕ್ಸಿ. 2023ರ ಅಕ್ಟೋಬರ್ 30ರಿಂದ ಅದೂ ಅಲ್ಲಿನ ರಸ್ತೆಯಲ್ಲಿಲ್ಲ. ಈಗ ಬಾಗಿಲೋ ಫೆಂಡರೋ ಬೇಕಾದರೆ ಗುಜರಿಯಲ್ಲೇ ಹುಡುಕಬೇಕು. ಒಂದು ಗಟ್ಟಿ ಫೆಂಡರನ್ನು ಚಂದಕ್ಕೆ ಅಂತ ಕತ್ತರಿಸುವವರನ್ನು ನೋಡಿದರೆ ನನಗೆ ಸಂಕಟ ಆಗುವುದು ಇದಕ್ಕೇ.

ಪ್ರತಿ ವರ್ಷ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಕಾರಿನ ಅಡಿಗೆ ಗೋಣಿ ಹಾಸಿ ಮಲಗಿ ಒಂದು ತಂತಿಯಿಂದ ಎಲ್ಲ ತೂತುಗಳನ್ನು ಬಿಡಿಸುತ್ತೇನೆ. ಮಣ್ಣು ಬರುತ್ತದೆ, ಮರದ ಎಲೆ ಬರುತ್ತದೆ, ಒಮ್ಮೆ ಇಡೀ ಇರುವೆಗೂಡೇ ಬಂತು.

ಉಡುಪಿಯ ಮದುವೆಯಲ್ಲಿ ಫೆಂಡರ್ ಬಡಿದ ಹುಡುಗ ಈಚೆಗೆ ಒಂದು ಪದ್ಮಿನಿ ಕೊಂಡಿದ್ದಾನೆ. ಯಾರ ಹತ್ತಿರವೋ ಕೇಳಿ ನನ್ನ ನಂಬರ್ ಹುಡುಕಿದ. ಫೆಂಡರ್ ಅಗಲ ಮಾಡಲು ದಿನ ಗೊತ್ತು ಮಾಡಿಯಾಗಿತ್ತಂತೆ. ಫೆಂಡರ್ ಆಮೇಲೆ ನೋಡುವ, ಮೊದಲು ಸಿಲ್ಲಿಗೆ ಬಡಿದು ನೋಡು ಅಂದೆ. ಫೋನ್ ಇಡದೆ ಹೋಗಿ ಬಡಿದ. ಟಣ್ ಅನ್ನುವುದು ನನಗೂ ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

"ಅಂಕಲ್," ಅಂದ, "ಬಲಗಡೆ ದಪ್ ಅಂತ ಉಂಟು."

ಭಾನುವಾರ ಕಂಕನಾಡಿಗೆ ತೆಗೆದುಕೊಂಡು ಬರಲು ಹೇಳಿದ್ದೇನೆ.