ಪಾದ್ರಿ ಓದು ಓದಿದವರು ಏನು ಸಾಧಿಸಿದ್ದಾರೆ?

ನಾನು ಬಿ.ಡಿ. ಮುಗಿಸಿ, ಆಮೇಲೆ ಆಪ್ತಸಮಾಲೋಚನೆ ಕಲಿತು, ಈಗ ಒಂದು ಆಸ್ಪತ್ರೆಯಲ್ಲಿ ಚಾಪ್ಲಿನ್ ಆಗಿದ್ದೇನೆ, ಅಂದರೆ ರೋಗಿಗಳ, ಅವರ ಮನೆಯವರ ಜೊತೆ ಕೂತು ಧೈರ್ಯ ತುಂಬುವ ಕೆಲಸ. ಬಿ.ಡಿ. ಅಂದರೆ ದೇವಶಾಸ್ತ್ರದ ಪದವಿ. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ. ಚಿಕ್ಕಪ್ಪನಂತೂ ಒಂದು ಸಲವೂ ಬಿಟ್ಟವರಲ್ಲ. "ಅಲ್ಲ ಮಗಾ, ಅಷ್ಟು ವರ್ಷ ಓದಿದವರು ಚರ್ಚಿನಲ್ಲಿ ಪ್ರಸಂಗ ಮಾಡೋದು ಬಿಟ್ಟು ಬೇರೆ ಏನು ಸಾಧಿಸಿದ್ದಾರೆ?"

ಮೊದಲೆಲ್ಲ ಕಿಟ್ಟೆಲ್ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲಿ ಓದಿ 1853ರಲ್ಲಿ ಇಲ್ಲಿಗೆ ಬಂದವರು, 1894ರಲ್ಲಿ ಕನ್ನಡ ನಿಘಂಟು ಕೊಟ್ಟವರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೊಗ್ಲಿಂಗ್ ಕೂಡ ದೇವಶಾಸ್ತ್ರ ಓದಿದವರೇ. ಕೇಳಿದವರು ತಲೆಯಾಡಿಸಿ ಊಟಕ್ಕೆ ಹೋಗುತ್ತಿದ್ದರು. ನನಗೇ ಸಮಾಧಾನ ಇರಲಿಲ್ಲ. ನಿಘಂಟು, ಪತ್ರಿಕೆ ಕಣ್ಣಿಗೆ ಕಾಣುತ್ತವೆ. ನಮ್ಮ ಕೆಲಸದಲ್ಲಿ ಕಾಣದೇ ಇರುವುದೇ ಜಾಸ್ತಿ, ಅಲ್ವಾ?

ಅದಕ್ಕೇ ಈಗ ಚಾಡ್ ವಾರಾ ಕತೆ ಹೇಳುತ್ತೇನೆ. ಇವರು ಇಂಗ್ಲೆಂಡಿನವರು, ಲಿಂಕನ್ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿ ಪಾದ್ರಿಯಾದರು. 1935ರಲ್ಲಿ ಅವರು ನಡೆಸಿದ ಮೊದಲ ಶವಸಂಸ್ಕಾರ ಒಬ್ಬ ಚಿಕ್ಕ ಹುಡುಗಿಯದು. ಮುಟ್ಟಾದದ್ದನ್ನು ಏನೋ ಕೆಟ್ಟ ಕಾಯಿಲೆ ಅಂದುಕೊಂಡು ಜೀವ ಕಳೆದುಕೊಂಡಿದ್ದಳು. ಅದು ವಾರಾ ಮನಸ್ಸಿನಿಂದ ಹೋಗಲೇ ಇಲ್ಲ. 1953ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಚರ್ಚಿನಲ್ಲಿ ಒಂದು ಫೋನ್ ಇಟ್ಟುಕೊಂಡು ಕೂತರು. ಸಾಯಬೇಕು ಅನ್ನಿಸಿದರೆ ನನಗೆ ಫೋನ್ ಮಾಡಿ ಅಂದರು. ಆಗ ಅಲ್ಲಿ ಆತ್ಮಹತ್ಯೆಯ ಯತ್ನವೇ ಅಪರಾಧ. ಆ ಕಾನೂನು ಹೋದದ್ದು 1961ರಲ್ಲಿ. ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿಕೊಳ್ಳಲೂ ಹೆದರಿಕೆ.

ಜನ ಚರ್ಚಿಗೇ ಬರತೊಡಗಿದರು. ಕಾಯುತ್ತ ಕೂತವರಿಗೆ ಟೀ ಕೊಡಲು ಒಂದಷ್ಟು ಸಾಮಾನ್ಯ ಜನ ಬಂದು ನಿಂತರು. ಆ ಟೀ ಕುಡಿಯುತ್ತ ಅವರ ಹತ್ತಿರವೇ ಎಲ್ಲ ಹೇಳಿಕೊಂಡು, ಪಾದ್ರಿಯನ್ನು ನೋಡದೇ ಹೊರಟುಹೋದವರು ಬಹಳ. ವಾರಾ ಇದನ್ನು ಗಮನಿಸಿ, 1954ರಲ್ಲಿ ಫೋನನ್ನೇ ಅವರ ಕೈಗೆ ಕೊಟ್ಟರು. ಸಾಯಬೇಕು ಅನ್ನಿಸಿದವರ ಮಾತು ಕೇಳುವ ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. ಓದಿದವರು ಓದದವರಿಗೆ ಕುರ್ಚಿ ಬಿಟ್ಟುಕೊಟ್ಟರಲ್ಲ, ನನ್ನ ಲೆಕ್ಕದಲ್ಲಿ ನಿಘಂಟಿಗಿಂತ ಇದೇ ಒಂದು ಕೈ ಮೇಲು. ನಮ್ಮಲ್ಲಿ ಇಂಥ ಸಹಾಯಕ್ಕೆ 2022ರಿಂದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ. ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಬ್ಬರು ಅಮೆರಿಕದ ಆಂಟನ್ ಬಾಯ್ಸನ್. ದೇವಶಾಸ್ತ್ರ ಓದಿದ್ದ ಇವರನ್ನು 1920ರಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಗುಣವಾದ ಮೇಲೆ ಅಂಥದೇ ಆಸ್ಪತ್ರೆಯಲ್ಲಿ ಚಾಪ್ಲಿನ್ ಆದರು. 1925ರಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೇ ಕರೆಸಿ, ಪುಸ್ತಕ ಓದುವ ಹಾಗೆ ರೋಗಿಯನ್ನೂ ಓದಿ ಅಂದರು. ನಾನು ಪಡೆದ ಆಸ್ಪತ್ರೆ ತರಬೇತಿಯ ಬೇರು ಅಲ್ಲಿದೆ.

ಇಷ್ಟನ್ನೂ ಹೇಳಿದ ಮೇಲೆ ಚಿಕ್ಕಪ್ಪ ಬಿಡಲಿಲ್ಲ. "ಅವರದ್ದು ಸರಿ. ನಿನ್ನದೇನು?"

ಹೋದ ವಾರ ಐಸಿಯು ಹೊರಗೆ ಒಬ್ಬ ಅಜ್ಜಿಯ ಪಕ್ಕ ಮುಕ್ಕಾಲು ಗಂಟೆ ಕೂತಿದ್ದೆ. ಒಳಗೆ ಅವರ ಯಜಮಾನರು. ಅಜ್ಜಿ ದೇವರ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆಯಲ್ಲಿ ಎಮ್ಮೆಗೆ ಹುಲ್ಲು ಹಾಕುವವರು ಯಾರು, ಹಾಲು ಕರೆಯುವವರು ಯಾರು ಅನ್ನೋದೇ ಮಾತು. ಕಾಲೇಜಿನಲ್ಲಿ ಕಷ್ಟಪಟ್ಟು ಕಲಿತ ಗ್ರೀಕ್ ಒಂದಕ್ಷರವೂ ಬೇಕಾಗಲಿಲ್ಲ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಮ್ಮೆನ ಆಮೇಲೆ ಯಾರು ನೋಡ್ಕೊಂಡರು?"