ಅಯೋವಾದ ಕೌಂಟಿ ಜಾತ್ರೆ: ದನ ಸಾಕುವ ಮಕ್ಕಳ ಜೊತೆ

ಅಮೆರಿಕಾದ ಅಯೋವಾ ರಾಜ್ಯದಲ್ಲಿ 99 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಬೇಸಿಗೆ ಬಂತೆಂದರೆ ಕೌಂಟಿ ಕೌಂಟಿಯಲ್ಲೂ ಜಾತ್ರೆ. ದೇವರು, ತೇರು ಯಾವುದೂ ಇರುವುದಿಲ್ಲ. ಇರುವುದು ದನ, ಹಂದಿ, ಕುರಿ, ಮೇಕೆ, ಮೊಲ, ಕೋಳಿ, ಮತ್ತೆ ಅವನ್ನು ಸಾಕಿ ಬೆಳೆಸಿದ ಮಕ್ಕಳು. ಜುಲೈನಲ್ಲಿ ಏಮ್ಸ್ ಊರಿನ ತಂಗಿಯ ಮನೆಗೆ ಹೋಗಿದ್ದಾಗ ಅಂಥದ್ದೊಂದು ಜಾತ್ರೆ ನೋಡಿದೆ. ಅದೇ ಪ್ರವಾಸದಲ್ಲಿ ಶಿಕಾಗೋ ನೋಡಿದೆ, ನಯಾಗರಾ ನೋಡಿದೆ. ಊರಿಗೆ ಬಂದ ಮೇಲೆ ಸಿಕ್ಕಸಿಕ್ಕವರ ಹತ್ತಿರ ಹೇಳುತ್ತಿರುವುದು ಮಾತ್ರ ಈ ಜಾತ್ರೆಯ ವಿಷಯ.

ತಂಗಿಯ ಮಗಳು ಪುಟ್ಟಿ ಐದನೇ ಕ್ಲಾಸು. ಎರಡು ಮೊಲ ಸಾಕಿದ್ದಾಳೆ. ಹಾಲೆಂಡ್ ಲಾಪ್ ಎನ್ನುವ ತಳಿ, ಕಿವಿ ಕೆಳಕ್ಕೆ ಜೋತಾಡುತ್ತವೆ. ಅವಳು ಫೋರ್ ಎಚ್ ಎನ್ನುವ ಮಕ್ಕಳ ಕ್ಲಬ್ಬಿನ ಸದಸ್ಯೆ. ತಲೆ, ಹೃದಯ, ಕೈ, ಆರೋಗ್ಯ, ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿ ಆ ಹೆಸರು. ಹಸಿರು ಬಣ್ಣದ, ನಾಲ್ಕೆಲೆಯ ಕ್ಲೋವರ್ ಎನ್ನುವ ಮೇವಿನ ಸೊಪ್ಪು ಅದರ ಗುರುತು. ಕೌಂಟಿ ಜಾತ್ರೆ ಈ ಮಕ್ಕಳಿಗೆ ವರ್ಷದ ಪರೀಕ್ಷೆ, ಹಬ್ಬ ಎರಡೂ.

ಏಮ್ಸ್‌ನಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ನೆವೇಡಾ ಎನ್ನುವ ಸಣ್ಣ ಊರು. ಸ್ಟೋರಿ ಕೌಂಟಿಯ ಕಚೇರಿ, ಕೋರ್ಟು ಎಲ್ಲ ಇಲ್ಲೇ, ಜಾತ್ರೆಯೂ ಇಲ್ಲೇ. ರಸ್ತೆಯ ಎರಡೂ ಕಡೆ ಆಳೆತ್ತರದ ಮುಸುಕಿನ ಜೋಳ, ಅದು ಬಿಟ್ಟರೆ ಸೋಯಾ. ಕಾರಿನಲ್ಲಿ ಪುಟ್ಟಿ ಒಂದೇ ಸಮನೆ ಬಾಯಿಪಾಠ ಮಾಡುತ್ತಿದ್ದಳು: ಮೊಲಕ್ಕೆ ಎಷ್ಟು ಹಲ್ಲು, ಕಿವಿಯಲ್ಲಿ ಹುಳ ಬಿದ್ದರೆ ಹೇಗೆ ಗೊತ್ತಾಗುತ್ತದೆ, ಒಣಹುಲ್ಲು ಎಷ್ಟು ಹಾಕಬೇಕು. ತಂಗಿ ಹೇಳಿದಳು, "ಅಣ್ಣಾ, ಶಾಲೆ ಪರೀಕ್ಷೆಗೂ ಇಷ್ಟು ಓದಲ್ಲ ಇವಳು."

ಮೊಲದ ಸ್ಪರ್ಧೆ ಒಂದು ಉದ್ದನೆಯ ಮೇಜಿನ ಮೇಲೆ. ಮೊಲ ಜಾರದ ಹಾಗೆ ಕಾರ್ಪೆಟ್ ಹಾಸಿದ್ದರು. ಅಷ್ಟು ಸೆಕೆಯಲ್ಲೂ ಮಕ್ಕಳೆಲ್ಲ ತುಂಬು ತೋಳಿನ ಅಂಗಿ ಹಾಕಿದ್ದರು, ಮೊಲ ಪರಚಬಾರದು ಅಂತ. ಪುಟ್ಟಿ ಮೊಲವನ್ನು ಮೆಲ್ಲಗೆ ಅಂಗಾತ ಮಲಗಿಸಿದಳು. ತುಟಿ ಸರಿಸಿ ಹಲ್ಲು ತೋರಿಸಿದಳು. ಕಿವಿಯೊಳಗೆ ನೋಡಿದಳು. ಒಂದೊಂದೇ ಪಾದ ಒತ್ತಿ ಉಗುರು ಎಣಿಸಿದಳು. ಕೈ ಕೆಲಸ ಮಾಡುತ್ತಿದ್ದ ಹಾಗೆ ಬಾಯಿ ವಿವರ ಹೇಳುತ್ತಿತ್ತು. ತೀರ್ಪು ಕೊಡುವಾಕೆ, ನಡುವಯಸ್ಸಿನ ಹೆಂಗಸು, ಬಗ್ಗಿ ಪುಟ್ಟಿಯ ಮುಖದ ಮಟ್ಟಕ್ಕೆ ಬಂದು ಕೇಳುತ್ತಿದ್ದರು. ಒಂದು ಪ್ರಶ್ನೆಗೆ ಪುಟ್ಟಿ ತಡವರಿಸಿದಳು. ತಂಗಿಯ ಬಾಯಿ ತೆರೆಯಿತು, ಮಾತು ಹೊರಗೆ ಬರಲಿಲ್ಲ. ಅಪ್ಪ ಅಮ್ಮಂದಿರು ಅಲ್ಲಿ ಸುಮ್ನೆ ಕೂತಿರಬೇಕು, ಅಷ್ಟೇ. ಕೊನೆಗೆ ಪುಟ್ಟಿ "ಗೊತ್ತಿಲ್ಲ, ತಿಳ್ಕೊಂಡು ಬರ್ತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳಿಗೆ ನೀಲಿ ರಿಬ್ಬನ್ ಸಿಕ್ಕಿತು.

ರಿಬ್ಬನ್ನಿನ ಲೆಕ್ಕ ನನಗೆ ಬಹಳ ಹಿಡಿಸಿತು. ನೀಲಿ, ಕೆಂಪು, ಬಿಳಿ ಎಂದು ಮೂರು ದರ್ಜೆ. ಇಷ್ಟು ಗುಣಮಟ್ಟ ಇದ್ದರೆ ನೀಲಿ ಅಂತ ಮೊದಲೇ ನಿಗದಿ. ಹತ್ತು ಮಕ್ಕಳೂ ಆ ಮಟ್ಟ ಮುಟ್ಟಿದರೆ ಹತ್ತೂ ಮಕ್ಕಳಿಗೆ ನೀಲಿ. ಆಮೇಲೆ ಚಾಂಪಿಯನ್ ಆರಿಸುವುದು ಬೇರೆ, ಅದಕ್ಕೆ ನೇರಳೆ ರಿಬ್ಬನ್. ಪಕ್ಕದವನನ್ನು ಸೋಲಿಸುವುದಕ್ಕಿಂತ ತನ್ನ ಕೆಲಸ ನೆಟ್ಟಗೆ ಮಾಡುವುದು ಮುಖ್ಯ ಅಂತ ಹತ್ತು ವರ್ಷದ ಮಗುವಿಗೆ ಬಾಯಲ್ಲಿ ಹೇಳಿದರೆ ಅರ್ಥವಾಗುತ್ತದಾ? ಇಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಯೂನಿವರ್ಸಿಟಿಯಲ್ಲಿ ಕೆಲಸ ಮಾಡುವ ಭಾವನನ್ನು ಕೇಳಿದೆ, ನಿಮ್ಮ ಯೂನಿವರ್ಸಿಟಿಗೂ ಈ ಮೊಲಕ್ಕೂ ಏನು ಸಂಬಂಧ ಅಂತ. ಅವರು ಹೇಳಿದ್ದು ಇಷ್ಟು: ಫೋರ್ ಎಚ್ ನಡೆಸುವುದೇ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗ, ಅಂದರೆ ಅಲ್ಲಿನ ತಿಳಿವಳಿಕೆಯನ್ನು ರೈತರಿಗೆ ಮುಟ್ಟಿಸುವ ವಿಭಾಗ. 1914ರ ಸ್ಮಿತ್-ಲೀವರ್ ಕಾಯ್ದೆ ಆ ವ್ಯವಸ್ಥೆಯನ್ನು ದೇಶಪೂರ್ತಿ ತಂದಿತು. ಅದಕ್ಕೂ ಮುಂಚೆ, 1902ರಲ್ಲೇ, ಒಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎನ್ನುವ ಶಾಲಾ ಅಧಿಕಾರಿ ಹಳ್ಳಿ ಮಕ್ಕಳ ಕ್ಲಬ್ ಕಟ್ಟಿದ್ದರು. ಇದೇ ಅಯೋವಾದ ಪೇಜ್ ಕೌಂಟಿಯಲ್ಲಿ ಜೆಸ್ಸಿ ಫೀಲ್ಡ್ ಶಾಂಬಾ ಎನ್ನುವ ಶಿಕ್ಷಕಿ ಗಂಡುಮಕ್ಕಳಿಗೆ ಮುಸುಕಿನ ಜೋಳದ ಕ್ಲಬ್, ಹೆಣ್ಣುಮಕ್ಕಳಿಗೆ ಮನೆವಾರ್ತೆಯ ಕ್ಲಬ್ ನಡೆಸಿದರು. ಆಗಿನ ರೈತರು ಪ್ರೊಫೆಸರುಗಳು ಹೇಳಿದ್ದನ್ನು ಅಷ್ಟು ಸುಲಭಕ್ಕೆ ನಂಬುತ್ತಿರಲಿಲ್ಲ. ಮಗ ಹೊಸ ಬೀಜ ಹಾಕಿ ತನಗಿಂತ ಜಾಸ್ತಿ ಬೆಳೆ ತೆಗೆದಾಗ ಅಪ್ಪನೂ ದಾರಿಗೆ ಬಂದ. ಮಕ್ಕಳ ಕೈಯಿಂದ ಹೊಸ ಬೇಸಾಯ ಮನೆಯೊಳಗೆ ಹೋಯಿತು.

ಇದನ್ನು ಕೇಳುವಾಗ ನನಗೆ ಹೆಬ್ಬಾಳ ನೆನಪಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದದ್ದು ಅಮೆರಿಕಾದ ಈ ಮಾದರಿಯಲ್ಲೇ, ಟೆನ್ನೆಸ್ಸೀ ವಿಶ್ವವಿದ್ಯಾಲಯದ ನೆರವಿನಿಂದ. ಸಂಶೋಧನೆ ಬಂತು, ವಿಸ್ತರಣೆ ಬಂತು, ಕೃಷಿ ಮೇಳ ಬಂತು. ಮಕ್ಕಳ ಸಂಘ ಮಾತ್ರ ನಮ್ಮ ಹಳ್ಳಿಗಳಲ್ಲಿ ಹೀಗೆ ಬೇರು ಬಿಡಲಿಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಹಿಡಿದುಕೊಂಡು ಅಪ್ಪಂದಿರು ನಿಂತಿರುತ್ತಾರೆ, ಮಕ್ಕಳು ಪಕ್ಕದಲ್ಲಿ ನೋಡುತ್ತಿರುತ್ತಾರೆ. ಆ ಹಗ್ಗ ಮಕ್ಕಳ ಕೈಗೂ ಬರಬೇಕಿತ್ತು ಅಂತ ನನಗೆ ನಿಜವಾಗಿಯೂ ಅನಿಸುತ್ತದೆ.

ದನದ ಕೊಟ್ಟಿಗೆಯೇ ಬೇರೆ ಲೋಕ. ದೊಡ್ಡ ದೊಡ್ಡ ಫ್ಯಾನುಗಳ ಸದ್ದು, ಕೆಳಗೆ ಮರದ ಹೊಟ್ಟು. ಒಬ್ಬ ಹುಡುಗಿ, ಹದಿನಾಲ್ಕು ವರ್ಷ ಇರಬಹುದು, ಆಂಗಸ್ ತಳಿಯ ಕಪ್ಪು ಹೋರಿಗೆ ಸ್ನಾನ ಮಾಡಿಸಿ, ಪೈಪಿನಂಥ ಬ್ಲೋಯರ್ ಹಿಡಿದು ಕೂದಲು ಒಣಗಿಸುತ್ತಿದ್ದಳು. ಒಂದು ಕೈಯಲ್ಲಿ ಗಾಳಿ, ಇನ್ನೊಂದು ಕೈಯಲ್ಲಿ ಬಾಚಣಿಗೆ, ಕಾಲಿನ ಕೂದಲನ್ನು ಮೇಲ್ಮುಖವಾಗಿ ಬಾಚುತ್ತಿದ್ದಳು. ಕಾಲು ದಪ್ಪ ಕಾಣಲಿ ಅಂತ. ಬೀಜ ಒಡೆಸಿದ ಹೋರಿ ಅದು. ಮೂಗು ಚುಚ್ಚಿಲ್ಲ, ಮುಖಕ್ಕೆ ಹಾಲ್ಟರ್ ಎನ್ನುವ ಹಗ್ಗದ ಕುಣಿಕೆ ಅಷ್ಟೇ. ನಾನು ದನ ಕಟ್ಟಿದ ಮನೆಯವನು ಅಂತ ಗೊತ್ತಾದ ಮೇಲೆ ಅವಳ ಮಾತಿಗೆ ತಡೆ ಇರಲಿಲ್ಲ. ಡಿಸೆಂಬರಿನಲ್ಲಿ ತೂಕ ಹಾಕಿ, ಕಿವಿಗೆ ಟ್ಯಾಗ್ ಹೊಡೆಸಿದ್ದು. ಅಲ್ಲಿಂದ ಜುಲೈವರೆಗೆ ಎಷ್ಟು ತಿಂದಿತು, ಮೇವಿಗೆ ಎಷ್ಟು ಖರ್ಚಾಯಿತು, ಡಾಕ್ಟರು ಯಾವಾಗ ಬಂದರು, ಎಲ್ಲ ಅವಳ ಪುಸ್ತಕದಲ್ಲಿ ಅವಳ ಅಕ್ಷರದಲ್ಲಿ ಬರೆದಿತ್ತು. ಹೆಚ್ಚಿದ ತೂಕವನ್ನು ದಿನಗಳಿಂದ ಭಾಗಿಸಿದರೆ ದಿನಕ್ಕೆ ಮೂರು ಪೌಂಡಿಗಿಂತ ತುಸು ಮೇಲೆ. ಕರು ಕೊಳ್ಳಲು ಅಪ್ಪ ಕೊಟ್ಟ ಸಾಲವೂ ಅದರಲ್ಲಿ ಬರೆದಿತ್ತು. ಮನೆಯ ಸಾಲ ಅಂತ ಬಿಟ್ಟಿರಲಿಲ್ಲ!

ಮಧ್ಯಾಹ್ನ ಅಖಾಡದಲ್ಲಿ ಅವಳನ್ನು ಮತ್ತೆ ನೋಡಿದೆ. ಕೈಯಲ್ಲಿ ತುದಿಗೆ ಕೊಕ್ಕೆ ಇರುವ ಉದ್ದನೆಯ ಕೋಲು. ಅದರಿಂದ ಹೋರಿಯ ಗೊರಸು ಸರಿಸಿ ನಾಲ್ಕು ಕಾಲನ್ನೂ ನೆಟ್ಟಗೆ ನಿಲ್ಲಿಸುತ್ತಾರೆ, ಹೊಟ್ಟೆ ಕೆರೆದು ಸಮಾಧಾನ ಮಾಡುತ್ತಾರೆ. ಆರುನೂರು ಕಿಲೋ ಹತ್ತಿರದ ಹೋರಿ, ಅದರ ಪಕ್ಕದಲ್ಲಿ ಪುಟ್ಟದಾಗಿ ಕಾಣುವ ಹುಡುಗಿ. ಅಲ್ಲಿ ಎರಡು ಥರದ ಸ್ಪರ್ಧೆ ಇರುತ್ತದೆ. ಒಂದರಲ್ಲಿ ಪ್ರಾಣಿಗೆ ಅಂಕ, ಇನ್ನೊಂದರಲ್ಲಿ ಅದನ್ನು ನಡೆಸುವ ಮಗುವಿಗೆ. ಎರಡನೆಯದರ ಕೊನೆಯ ಸುತ್ತಿನಲ್ಲಿ ತೀರ್ಪುಗಾರರು ಮಕ್ಕಳಿಗೆ ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳಲು ಹೇಳಿದರು. ಗುರುತಿಲ್ಲದ ಹೋರಿ, ಗುರುತಿಲ್ಲದ ಕೈ. ಅವಳು ಹೊಸ ಹೋರಿಯನ್ನು ಅರೆಗಳಿಗೆ ಸುಮ್ಮನೆ ನಿಲ್ಲಲು ಬಿಟ್ಟು, ಹೊಟ್ಟೆ ಕೆರೆದು, ಆಮೇಲೆ ಹೆಜ್ಜೆ ಹಾಕಿಸಿದಳು. ಪಕ್ಕದ ಹುಡುಗ ಎಳೆದ. ಅವನ ಹೋರಿ ಬುಸುಗುಟ್ಟಿ ಹಿಂದಕ್ಕೆ ಸರಿಯಿತು. ತೀರ್ಪುಗಾರರು ಮೈಕಿನಲ್ಲಿ ಯಾರಿಗೆ ಯಾಕೆ ಯಾವ ಸ್ಥಾನ ಎಂದು ಎಲ್ಲರ ಎದುರಿಗೇ ವಿವರಿಸಿದರು. ಅವಳಿಗೆ ಎರಡನೇ ಸ್ಥಾನ. ಗೆದ್ದವನ ಕೈ ಕುಲುಕಿ ಬಂದಳು.

ಹಂದಿಗಳ ಸ್ಪರ್ಧೆಯಲ್ಲಿ ಹಗ್ಗವೂ ಇಲ್ಲ. ಸಣ್ಣ ಕೋಲಿನಲ್ಲಿ ತಟ್ಟಿ ನಡೆಸಬೇಕು, ಕಣ್ಣು ಮಾತ್ರ ತೀರ್ಪುಗಾರರ ಮೇಲೆ. ಮಕ್ಕಳ ಹಿಂದಿನ ಜೇಬಿನಲ್ಲಿ ಒಂದೊಂದು ಬ್ರಷ್, ಹಂದಿಗೆ ಧೂಳು ಮೆತ್ತಿದರೆ ಒರೆಸಲು. ಮಕ್ಕಳಿಗಿಂತ ಹಂದಿಗಳೇ ಹುಷಾರು ಅನಿಸಿತು ನನಗೆ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಈ ಹೋರಿಗಳಲ್ಲಿ ಹೆಚ್ಚಿನವು ಮಾಂಸಕ್ಕೆ ಹೋಗುತ್ತವೆ. ಅನೇಕ ಕೌಂಟಿ ಜಾತ್ರೆಗಳ ಕೊನೆಯಲ್ಲಿ ಹರಾಜು ಇರುತ್ತದೆ. ಊರಿನ ಬ್ಯಾಂಕು, ಮೇವಿನ ಅಂಗಡಿಯವರು ಮಕ್ಕಳಿಗೆ ಪ್ರೋತ್ಸಾಹ ಅಂತ ಜಾಸ್ತಿ ಬೆಲೆ ಕೂಗುತ್ತಾರೆ. ಮಕ್ಕಳು ಅವರಿಗೆ ಧನ್ಯವಾದದ ಕಾಗದ ಬರೆಯುತ್ತಾರೆ. ಕಾಲೇಜಿಗೆ ದುಡ್ಡು ಕೂಡಿಡುವವರು ಬೇಕಾದಷ್ಟು ಜನ. ಆದರೆ ಹೆಸರಿಟ್ಟು ಸಾಕಿದ ಪ್ರಾಣಿ ಅದು. ಹೇಗೆ ತಡ್ಕೋತೀಯಾ ಅಂತ ಆ ಹುಡುಗಿಯನ್ನೇ ಕೇಳಿದೆ. "ಅಳ್ತೀನಿ," ಅಂದಳು. "ಪ್ರತಿ ವರ್ಷ ಅಳ್ತೀನಿ. ಆದ್ರೆ ಇದ್ದಷ್ಟು ದಿನ ಚೆನ್ನಾಗಿ ನೋಡ್ಕೊಂಡಿದೀನಿ." ಲಾರಿಗೆ ಹತ್ತಿಸುವುದನ್ನೂ ತಾನೇ ಮಾಡುತ್ತಾಳಂತೆ, ಅಣ್ಣನಿಗೆ ಬಿಡುವುದಿಲ್ಲವಂತೆ. ಇದು ಎಲ್ಲರೂ ಒಪ್ಪುವಂಥದ್ದಲ್ಲ, ತಂಗಿಯೂ ಒಪ್ಪುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಟಗರು ಮಾರುವ ದಿನ ಮಕ್ಕಳನ್ನು ಸುಳ್ಳು ಹೇಳಿ ಅಜ್ಜಿ ಮನೆಗೆ ಕಳಿಸುತ್ತಿದ್ದರು. ಆ ಸುಳ್ಳಿಗಿಂತ ಈ ಅಳು ಮೇಲು ಅಂತ ನನ್ನ ಅಭಿಪ್ರಾಯ.

ಪಕ್ಕದ ಹಾಲ್‌ನಲ್ಲಿ ಫೋಟೋ, ಹೊಲಿಗೆ, ಬ್ರೆಡ್ಡು, ಮರಗೆಲಸ, ರೋಬೋ ಎಲ್ಲ ಇಟ್ಟಿದ್ದರು. ಪೇಟೆ ಮಕ್ಕಳೂ ಸೇರಲಿ ಅಂತ ಇಷ್ಟು ಬಗೆ. ಹೊಲ ಇಲ್ಲದ ಮನೆಯ ಮಗುವಿಗೆ ಮೊಲ ಸಲೀಸು. ಇನ್ನೂ ಚಿಕ್ಕವರು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕರು ತಂದಿದ್ದರು. ಅವರನ್ನು ತೀರ್ಪುಗಾರರು ಪಕ್ಕದಲ್ಲಿ ಕೂರಿಸಿಕೊಂಡು, ಕರುವಿನ ಹೆಸರೇನು, ಭೇದಿಯಾದಾಗ ಏನು ಮಾಡಿದೆ ಅಂತ ಮಾತಾಡಿಸುತ್ತಿದ್ದರು.

ಅದನ್ನು ನೋಡಿದ ಮೇಲೆ ಪುಟ್ಟಿ ಮೊಲದ ಮಾತೇ ಎತ್ತಲಿಲ್ಲ. "ಮಾಮ, ಮುಂದಿನ ವರ್ಷ ನಂಗೆ ಕುರಿಮರಿ ಬೇಕು" ಎಂದಳು. ಮನೆಯ ಹಿಂದೆ ಕುರಿ ಕಟ್ಟಲು ಜಾಗವಿಲ್ಲ. ಅವಳ ಕ್ಲಬ್ಬಿನ ಲೀಡರ್, ಸಂಬಳವಿಲ್ಲದೆ ಈ ಕೆಲಸ ಮಾಡುವ ರೈತ ಹೆಂಗಸು, ಅಲ್ಲೇ ನಿಂತಿದ್ದರು. ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳಲಿ, ಮೇವು, ಕಸ ಎಲ್ಲ ಅವಳೇ ಮಾಡಬೇಕು, ದಿನಾ ಬೆಳಗ್ಗೆ ಸಂಜೆ ಬರಬೇಕು ಎಂದರು. ವಾಪಸ್ ಬರುವಾಗ ಕಾರಿನಲ್ಲಿ ಅದೇ ಚರ್ಚೆ. "ಜನವರಿ ಹಿಮದಲ್ಲಿ ಬೆಳಗ್ಗೆ ಆರಕ್ಕೆ ಯಾರು ಕರ್ಕೊಂಡು ಹೋಗೋದು?" ಎಂದಳು ತಂಗಿ. ಕುರಿಮರಿ ಕೊಳ್ಳುವುದು ವಸಂತದಲ್ಲಮ್ಮಾ, ಆಗ ಹಿಮ ಇರಲ್ಲ ಎಂದು ಪುಟ್ಟಿ. ಭಾವ ಕಾರು ಓಡಿಸುತ್ತಾ, ಮೇವಿನ ಖರ್ಚು ಬರೆದು ತೋರಿಸು, ಆಮೇಲೆ ನೋಡೋಣ ಎಂದರು. ಏಮ್ಸ್ ಬರುವಷ್ಟರಲ್ಲಿ ಪುಟ್ಟಿ ಸ್ಪರ್ಧೆಯ ಪಟ್ಟಿಯ ಹಿಂದೆ ಲೆಕ್ಕ ಶುರು ಮಾಡಿದ್ದಳು. ಒಂದು ಮರಿಗೆ ದಿನಕ್ಕೆ ಎಷ್ಟು ಮೇವು ಬೇಕು ಅಂತ ನನ್ನನ್ನು ಕೇಳಿದಳು.