ಕೋಲಾರದ ಕೆರೆ, ಬೆಂಗಳೂರಿನ ಬಚ್ಚಲು, ಎಲ್ಲೂ ಕಾಣದ ನೀರುಗಂಟಿ

‘ಜನ ಹೆಚ್ಚಾದರು, ನೀರು ಬತ್ತಿತು’ ಎಂಬ ಮಾತು ಕೋಲಾರದ ಬರದ ಚರ್ಚೆಯಲ್ಲಿ ಸದಾ ಕೇಳಿಬರುತ್ತದೆ. ಇದು ಅರ್ಧ ಸತ್ಯ. ತಲೆ ಎಣಿಕೆಗೂ ನೀರಿಗೂ ನಡುವೆ ಒಂದು ಏರ್ಪಾಡು ಇರುತ್ತದೆ. ಕೆರೆಯ ನೀರು ಬಿಡುವ ಬಾಗಿಲಾದ ತೂಬನ್ನು ಎತ್ತುವವರು ಯಾರು, ಮೊದಲ ನೀರು ಯಾರ ಗದ್ದೆಗೆ, ಮಳೆ ಕೈಕೊಟ್ಟ ವರ್ಷ ಯಾರ ಪಾಲು ಎಷ್ಟು ಎಂದು ತೀರ್ಮಾನವಾಗುವುದು ಅಲ್ಲಿ. ಆ ಏರ್ಪಾಡು ಮುರಿದರೆ ಜನ ಕಡಿಮೆಯಾದರೂ ನೀರು ಉಳಿಯುವುದಿಲ್ಲ.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, 700 ಮಿ.ಮೀ. ಆಸುಪಾಸಿನ ಮಳೆಯ ಜಿಲ್ಲೆ ಇದು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುವಂಥ ಸರಪಳಿಯನ್ನು ಹಿಂದಿನವರು ಕಟ್ಟಿದ್ದರು. ಅದನ್ನು ನಡೆಸುತ್ತಿದ್ದವನು ನೀರುಗಂಟಿ. ತೂಬು ತೆಗೆಯುವುದು, ಕಾಲುವೆ ಕಾಯುವುದು, ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು ಅವನ ಕೆಲಸ. ಕೂಲಿ ಸಿಗುತ್ತಿದ್ದುದು ಸುಗ್ಗಿಯಲ್ಲಿ, ಕಾಳಿನ ರೂಪದಲ್ಲಿ. ಕೆರೆ ಅರ್ಧವೇ ತುಂಬಿದ ವರ್ಷ ದಾಮಾಶಾ: ನೀರು ಸಾಲುವಷ್ಟು ಅಚ್ಚುಕಟ್ಟನ್ನು (ಕೆರೆ ನೀರುಣ್ಣುವ ಜಮೀನನ್ನು) ಮಾತ್ರ ಗುರುತಿಸಿ, ಹಿಡುವಳಿಗೆ ತಕ್ಕಂತೆ ಎಲ್ಲರಿಗೂ ಅದರಲ್ಲಿ ಪಾಲು.

ಹಾಗೆಂದು ಆ ಕಾಲವನ್ನು ಹೊಗಳಲಾರೆ. ನೀರುಗಂಟಿಗಳು ಹೆಚ್ಚಾಗಿ ದಲಿತ ಕುಟುಂಬದವರು. ಹುಟ್ಟಿನಿಂದಲೇ ಕೆಲಸ ಹೆಗಲೇರುತ್ತಿತ್ತು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿದ 1961ರ ಕಾಯ್ದೆ ನ್ಯಾಯವಾದದ್ದೇ. ಆದರೆ ಬಿಟ್ಟುಹೋದ ಕೆಲಸಕ್ಕೆ ಸಂಬಳ ಕೊಟ್ಟು ಆಳು ನೇಮಿಸುವ ಯೋಚನೆ ಹೆಚ್ಚಿನ ಊರುಗಳಲ್ಲಿ ಆಗಲೇ ಇಲ್ಲ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಗೆ, ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಹೋದವು. ತೂಬಿಗೆ ಮಾತ್ರ ಯಜಮಾನರಿಲ್ಲ.

ಆ ಜಾಗಕ್ಕೆ ಕೊಳವೆಬಾವಿ ಬಂತು. ಹಿಪ್ಪುನೇರಳೆ, ಟೊಮೆಟೊ, ಹಸುವಿನ ಮೇವು ಮೂರೂ ಕೈಗೆ ಕಾಸು ಕೊಟ್ಟವು, ಮೂರೂ ವರ್ಷಪೂರ್ತಿ ನೀರು ಬೇಡಿದವು. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ, ಹಾಗಾಗಿ ನೀರೆತ್ತುವ ಖರ್ಚು ರೈತನ ಲೆಕ್ಕಕ್ಕೇ ಬರುವುದಿಲ್ಲ. ಕೊರೆಸುವ ಖರ್ಚು ಬರುತ್ತದೆ. ಸಾವಿರ ಅಡಿ ದಾಟಿದ ಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿತು, ಮಕ್ಕಳ ಹಲ್ಲು ಕಂದಿತು. ಇತ್ತ ಯುವಕರು ಬಂಗಾರಪೇಟೆ, ಮಾಲೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೊರಟರು. ಆಳು ಸಿಗದ ಹೊಲಗಳಿಗೆ ನೀಲಗಿರಿ ಬಂತು. ಕೆರೆಗೆ ನೀರು ಇಳಿದುಬರಬೇಕಿದ್ದ ಮೇಲ್ಭಾಗದಲ್ಲೇ ಅದು ಹಬ್ಬಿದ್ದರಿಂದ ಹರಿವು ಇನ್ನಷ್ಟು ಕುಗ್ಗಿತು. ಹೊಸ ನೆಡುವಿಕೆಗೆ ಸರ್ಕಾರ ತಡೆ ಹಾಕಿದ್ದು 2017ರಲ್ಲಿ.

ಗಮನಿಸಿ, ಇದ್ಯಾವುದೂ ಹೆರಿಗೆಯ ಲೆಕ್ಕವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಹುಟ್ಟುವ ಮಕ್ಕಳು, 1.7; ಜನಸಂಖ್ಯೆ ಸ್ಥಿರವಾಗಿ ನಿಲ್ಲಲು ಬೇಕಾದದ್ದು 2.1. ಜನ ಹುಟ್ಟುವುದಕ್ಕಿಂತ ಜನ ಎಲ್ಲಿ ಸೇರುತ್ತಾರೆ ಎಂಬುದೇ ಇಲ್ಲಿ ದೊಡ್ಡ ಸಂಗತಿ.

ಸೇರಿದ್ದು ಬೆಂಗಳೂರಿನಲ್ಲಿ. ಸುಮಾರು 100 ಕಿ.ಮೀ. ದೂರದಿಂದ ಎತ್ತಿ ತಂದ ಕಾವೇರಿ ಅಲ್ಲಿನ ಬಚ್ಚಲು ದಾಟಿ, ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಿಂದ ಕೋಲಾರಕ್ಕೆ ಬರುತ್ತಿದೆ. ಮೊದಲು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ಹಳೆಯ ಸರಪಳಿಯಲ್ಲೇ ಮುಂದಕ್ಕೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರು. ತಲೆಗೆ 135 ಲೀಟರು ಬಳಕೆ, ಅದರ ಶೇ. 80 ಚರಂಡಿಗೆ ಎಂದು ಹಿಡಿದರೆ, ಇದು ಸುಮಾರು 40 ಲಕ್ಷ ಜನರ ಬಚ್ಚಲ ನೀರು.

ಎಡವುವುದು ಎರಡು ಕಡೆ. ಮೊದಲನೆಯದು ಶುದ್ಧೀಕರಣ. ಕೋಲಾರಕ್ಕೆ ಬರುವುದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು. ಆ ಹಂತ ಸಾವಯವ ಕೊಳೆಯನ್ನು ತಿಂದುಹಾಕುತ್ತದೆ. ಸಾರಜನಕ, ರಂಜಕ ಬಹುಪಾಲು ಉಳಿದುಬಿಡುತ್ತವೆ. ಕೆರೆಯಲ್ಲಿ ಕಳೆ ಹಬ್ಬುವುದು ಅದರಿಂದಲೇ. ನೈಟ್ರೇಟು ಮಣ್ಣಿನಲ್ಲಿ ನಿಲ್ಲದೆ ಸೋಸಿ ಬಾವಿ ಸೇರುತ್ತದೆ. ಆದ್ದರಿಂದ ಕೆರೆ ಪಕ್ಕದ ಕುಡಿಯುವ ನೀರಿನ ಬಾವಿಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಬೇಕು. ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಹಸುಗೂಸಿಗೆ ಆ ನೀರು ಕೂಡದು. ಕುದಿಸಿದರೆ ನೈಟ್ರೇಟು ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ.

ಎರಡನೆಯದು ಹಂಚಿಕೆ, ನನ್ನ ಮಟ್ಟಿಗೆ ಹೆಚ್ಚು ನೋವಿನದು. ಈ ನೀರು ಅಂತರ್ಜಲ ತುಂಬಲು ಮಾತ್ರ. ನೇರವಾಗಿ ಹೊಲಕ್ಕೆ ಎತ್ತುವಂತಿಲ್ಲ. ಆರೋಗ್ಯದ ದೃಷ್ಟಿಯಿಂದ ಸರಿಯಾದ ನಿಯಮ. ಆದರೆ ತೂಬು ಮುಚ್ಚಿದ ಕೆರೆಯ ನೀರು ಕೊನೆಗೆ ಸೇರುವುದು ಕೊಳವೆಬಾವಿ ಇದ್ದವರಿಗೆ. ದಾಮಾಶಾದಲ್ಲಿ ಪಾಲಿದ್ದ ಅರ್ಧ ಎಕರೆಯವರಿಗೆ ಬಾವಿ ಕೊರೆಸುವ ಶಕ್ತಿ ಎಲ್ಲಿಂದ ಬರಬೇಕು?

ಹೂಳೆತ್ತುವಾಗಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ತೂಬಿನ ಹೊಸ್ತಿಲಿಗಿಂತ ಆಳಕ್ಕೆ ಅಗೆದರೆ ಆ ನೀರು ಗದ್ದೆಗೆ ಹರಿಯುವುದೇ ಇಲ್ಲ, ಇಂಗಲಿಕ್ಕಷ್ಟೇ. ಏರಿಯ ಬುಡದಲ್ಲಿ ಅಗೆದರೆ ಸೋರಿಕೆ ತಡೆಯುವ ಜೇಡಿ ಪದರ ಕಿತ್ತುಹೋಗಿ ಏರಿಯೇ ಸಡಿಲವಾಗುತ್ತದೆ. ತೆಗೆದ ಗೋಡನ್ನು ಎಕರೆಗೆ ಒಂದಿಂಚು ಹರಡಲು ಸುಮಾರು 100 ಘನ ಮೀಟರು ಬೇಕು, 3 ಘನ ಮೀಟರಿನ ಟ್ರೇಲರಿನಲ್ಲಿ 34 ಲೋಡು. ಬೆಂಗಳೂರಿನ ನೀರು ನಿಂತ ಕೆರೆಯಾದರೆ ಲೋಡು ತುಂಬುವ ಮೊದಲೇ ಗೋಡಿನಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬೇಕು.

ನೀರು ಬಂದ ಊರಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ. ಕೆರೆ ಸುತ್ತ ಹೊಸದಾಗಿ ಕೊರೆದ ಬಾವಿಗಳೆಷ್ಟು? ಬಾವಿ ಇಲ್ಲದ ಅಚ್ಚುಕಟ್ಟುದಾರರಿಗೆ ಸಾಮೂಹಿಕ ಬಾವಿ ಉಂಟೇ? ನೀರಿನ ಪರೀಕ್ಷಾ ವರದಿಯನ್ನು ಪಂಚಾಯಿತಿ ಗೋಡೆಗೆ ಹಚ್ಚಿದ್ದಾರೆಯೇ? ಯಾವ ಜಾತಿಯವರಾದರೂ ಸರಿ, ತಿಂಗಳ ಸಂಬಳಕ್ಕೆ ನೀರುಗಂಟಿಯನ್ನು ನೇಮಿಸಲು ಈ ವರ್ಷದ ಬಜೆಟ್ಟಿನಲ್ಲಿ ಎಷ್ಟು ಹಣ ಇಟ್ಟಿದ್ದಾರೆ?